ರೋಮ್‌ನ ಮೊದಲ ದಿನ ಇನ್ನು ಮುಂದೆ ಕಾಲ್ನಡಿಗೆಯಲ್ಲಿ

ಆತ್ಮೀಯ ಗ್ರಾಹಕರಿಗೆ,

ನಮಸ್ಕಾರ.

ನಮ್ಮ ಇಟಲಿ ಪ್ರವಾಸದಲ್ಲಿ ರೋಮ್‌ನ ಮೊದಲ ದಿನ ಬದಲಾಗುತ್ತಿದೆ. ಇಷ್ಟು ದಿನ ಬೆಳಿಗ್ಗೆ ಬಾಡಿಗೆ ಬಸ್ಸು, ನಡುವೆ ಮೆಟ್ರೋ, ಸಂಜೆ ಮತ್ತೆ ಬಸ್ಸು ಅಂತ ಇತ್ತು. ಇನ್ನು ಮುಂದೆ ಇಡೀ ದಿನ ನಡಿಗೆ. ಈಗಾಗಲೇ ಬುಕ್ ಮಾಡಿದವರಿಗೂ ಇದು ಅನ್ವಯ. ದುಡ್ಡು ಕಟ್ಟಿದ ಮೇಲೆ ಹೀಗೆ ಬದಲಾಯಿಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಅದಕ್ಕೇ ನಡೆದದ್ದನ್ನು ಹಾಗೇ ಹೇಳಿಬಿಡುತ್ತೇವೆ.

ಹಿಂದಿನ ತಂಡದಲ್ಲಿ 14 ಜನ ಇದ್ದರು. ಅವರ ರೋಮ್ ದಿನ ಶುಕ್ರವಾರ ಬಿತ್ತು. ಅವತ್ತೇ ಸಾರಿಗೆ ಮುಷ್ಕರ. ಬಾಡಿಗೆ ಬಸ್ಸಿನವರು ಬೆಳಿಗ್ಗೆ 8ಕ್ಕೆ ಫೋನ್ ಮಾಡಿ ಬರೋದಕ್ಕಾಗಲ್ಲ ಅಂದರು. ಸರಿ, ಮೆಟ್ರೋ ಇದೆಯಲ್ಲ ಅಂತ ತಿಂಡಿ ಮುಗಿಸಿ ನಿಲ್ದಾಣಕ್ಕೆ ಹೋದರೆ ಗೇಟು ಹಾಕಿತ್ತು. ಗಂಟೆ 8:40.

ಆ ಹತ್ತು ನಿಮಿಷದ ಲೆಕ್ಕ ನಮಗೆ ಗೊತ್ತಿರಬೇಕಿತ್ತು. ಇಟಲಿಯಲ್ಲಿ ಮುಷ್ಕರಕ್ಕೂ ವೇಳಾಪಟ್ಟಿ ಇದೆ. 1990ರ ಕಾನೂನಿನ ಪ್ರಕಾರ ಮುಂಚೆಯೇ ನೋಟಿಸ್ ಕೊಡಬೇಕು, ಜನ ಕೆಲಸಕ್ಕೆ ಹೋಗಿ ಬರುವ ಹೊತ್ತಿಗೆ ಗಾಡಿ ಓಡಿಸಲೇಬೇಕು. ರೋಮ್‌ನಲ್ಲಿ ದಿನವಿಡೀ ಮುಷ್ಕರ ಇದ್ದರೆ ಸಾಮಾನ್ಯವಾಗಿ ಬೆಳಿಗ್ಗೆ 8:30ರ ತನಕ, ಸಂಜೆ 5ರಿಂದ 8ರ ತನಕ ಓಡಾಟ ಇರುತ್ತದೆ. ನೋಟಿಸ್ ಎಲ್ಲರಿಗೂ ಕಾಣುವಂತೆ ಇತ್ತು. ನಾವೇ ನೋಡಿರಲಿಲ್ಲ. ತಪ್ಪು ಪೂರ್ತಿ ನಮ್ಮದು.

ಟ್ಯಾಕ್ಸಿಗೆ ಮುಕ್ಕಾಲು ಗಂಟೆ ಕಾದೆವು. ಅಷ್ಟರಲ್ಲಿ ಕೊಲೋಸಿಯಂ ಟಿಕೆಟ್ಟಿನ ಹೊತ್ತು ಮೀರಿತು. ಆ ಟಿಕೆಟ್ಟಿನ ಮೇಲೆ ಸಮಯ, ಹೆಸರು ಎರಡೂ ಇರುತ್ತವೆ. ಅಲ್ಲಿ ಹೋಗಿ ಕಾಡಿ ಬೇಡಿದರೂ ಉಪಯೋಗವಿಲ್ಲ. (ಆ 14 ಜನಕ್ಕೂ ಟಿಕೆಟ್ ಹಣ ವಾಪಸ್ ಕೊಟ್ಟಿದ್ದೇವೆ.) ಕೊನೆಗೆ ಟ್ಯಾಕ್ಸಿಗಳು ನಮ್ಮನ್ನು ಊರ ನಡುವಿನ ಚೌಕ ಪಿಯಾತ್ಸಾ ವೆನೆಜಿಯಾದಲ್ಲಿ ಇಳಿಸಿದವು. ಅಲ್ಲಿಂದ ಬೇರೆ ದಾರಿಯೇ ಇರಲಿಲ್ಲ, ನಡೆದೆವು.

ನಡೆದಾಗ ಗೊತ್ತಾಯಿತು, ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ಏನನ್ನೆಲ್ಲ ದಾಟಿಸಿಕೊಂಡು ಹೋಗುತ್ತಿದ್ದೆವು ಅಂತ. ಕ್ರಿ.ಶ. 113ರಲ್ಲಿ ನಿಲ್ಲಿಸಿದ, ಚಕ್ರವರ್ತಿ ಟ್ರಾಜನ್ ಹೆಸರಿನ ಕಂಬ ಸಿಕ್ಕಿತು. ಅದರ ಸುತ್ತ ಬಳ್ಳಿಯಂತೆ ಮೇಲಕ್ಕೆ ಹಬ್ಬಿದ ಯುದ್ಧದ ಕೆತ್ತನೆ. ಆಮೇಲೆ ಫೋರಮ್ ಕಡೆ, ಅಂದರೆ ಹಳೆಯ ರೋಮ್‌ನ ಮುಖ್ಯ ಚೌಕದ ಅವಶೇಷಗಳ ಕಡೆ ಇಣುಕಿದರೆ, ಅಂಟೋನಿನಸ್ ಮತ್ತು ಫೌಸ್ಟಿನಾ ದೇವಾಲಯದ ಕಂಬಗಳ ಹಿಂದೆ ಒಂದು ಚರ್ಚು. ಅದರ ಬಾಗಿಲು ಗೋಡೆಯ ಮೇಲೆ ಎಲ್ಲೋ ಎತ್ತರದಲ್ಲಿ ನೇತಾಡುತ್ತಿದೆ. ಮೆಟ್ಟಿಲೂ ಇಲ್ಲ, ಏನೂ ಇಲ್ಲ. ಆ ಬಾಗಿಲು ಇಟ್ಟ ಕಾಲಕ್ಕೆ ಮಣ್ಣು ಅಲ್ಲಿಯ ತನಕ ತುಂಬಿತ್ತು. ಆಮೇಲೆ ಅಗೆದು ಹಳೆಯ ನೆಲ ತೆಗೆದರು, ಬಾಗಿಲು ಮೇಲೇ ಉಳಿಯಿತು. ಬಸ್ಸಿನಲ್ಲಿ ಕೂತಿದ್ದರೆ ಇದು ಯಾರ ಕಣ್ಣಿಗೆ ಬೀಳುತ್ತಿತ್ತು?

ಮಧ್ಯಾಹ್ನ ಪ್ಯಾಂಥಿಯನ್ ಎಂಬ ಹಳೆಯ ರೋಮನ್ ದೇವಾಲಯದ ಒಳಗೆ ಇದ್ದಾಗ ಮಳೆ ಬಂತು. ಅದರ ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ತೂತು ಇದೆ. ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ಸೀದಾ ಒಳಗೆ ಬೀಳುತ್ತದೆ. 43 ಮೀಟರ್ ಎತ್ತರದಿಂದ ಹನಿಗಳು ಒಂದು ಬೆಳಕಿನ ಕೊಳವೆಯೊಳಗೆ ಇಳಿದ ಹಾಗೆ ಕಾಣುತ್ತಿತ್ತು. ನೆಲ ನಡುವೆ ಸ್ವಲ್ಪ ಉಬ್ಬಿದೆ, ಅಲ್ಲಲ್ಲಿ ಸಣ್ಣ ರಂಧ್ರಗಳಿವೆ, ನೀರು ಹರಿದು ಹೋಗುತ್ತದೆ. ಸುಮಾರು 1,900 ವರ್ಷದ ಕಟ್ಟಡ! ನಮ್ಮ ತಂಡದ ಹಿರಿಯರೊಬ್ಬರು ಬಗ್ಗಿ ಆ ರಂಧ್ರಗಳನ್ನೇ ಹತ್ತು ನಿಮಿಷ ನೋಡುತ್ತಾ ನಿಂತರು. ಗುಮ್ಮಟ ನೋಡಿದ್ದು ಆಮೇಲೆ.

ಪ್ಯಾಂಥಿಯನ್ ಮುಂಭಾಗದಲ್ಲಿ, ಅಲ್ಲಿ ಮೊದಲ ದೇವಾಲಯ ಕಟ್ಟಿಸಿದ ಅಗ್ರಿಪ್ಪನ ಹೆಸರು ಇದೆ. ಈಗಿನ ಕಟ್ಟಡ ಆಮೇಲಿನ ಚಕ್ರವರ್ತಿ ಹೇಡ್ರಿಯನ್ ಕಾಲದ್ದು, ಹೆಸರು ಮಾತ್ರ ಹಳೆಯವನದ್ದೇ ಉಳಿಸಿದರು. ಇದೇ ಅಗ್ರಿಪ್ಪ ಕ್ರಿ.ಪೂ. 19ರಲ್ಲಿ ರೋಮ್‌ಗೆ ಒಂದು ಕಾಲುವೆ ತಂದ. ಎಷ್ಟೋ ದುರಸ್ತಿ ಕಂಡ ಆ ಕಾಲುವೆಯೇ ಟ್ರೆವಿ ಕಾರಂಜಿಗೆ ನೀರು ಕೊಡುತ್ತಾ ಬಂದಿದೆ. ಪ್ಯಾಂಥಿಯನ್, ಟ್ರೆವಿ ಎರಡರ ನಡುವೆ ನಡಿಗೆ ಹತ್ತೇ ನಿಮಿಷ. ಒಂದನ್ನು ನೋಡಿ ಇನ್ನೊಂದಕ್ಕೆ ನಡೆದು ಹೋದರೆ ಕಥೆ ಕೂಡಿಕೊಳ್ಳುತ್ತದೆ.

ಸಂಜೆ 5ಕ್ಕೆ ಮೆಟ್ರೋ ಶುರುವಾಯಿತು, ಹೋಟೆಲಿಗೆ ಬಂದೆವು. ಕೊಲೋಸಿಯಂ ಒಳಗೆ ಹೋಗಲಾಗದ ಬೇಜಾರು ಇದ್ದೇ ಇತ್ತು. ಆದರೂ ಊಟದ ಹೊತ್ತಿಗೆ ಮಾತೆಲ್ಲ ಆ ಮಳೆಯದ್ದೇ.

ಇನ್ನೊಂದು ವಿಷಯ. ಇಷ್ಟು ದೊಡ್ಡ ಊರಿಗೆ ಮೂರೇ ಮೆಟ್ರೋ ಲೈನ್ ಯಾಕೆ ಅಂತ ಕೆಲವರು ಕೇಳಿದರು. ಅಲ್ಲಿ ಎಲ್ಲಿ ಅಗೆದರೂ ಹಳೆಯ ರೋಮ್ ಸಿಗುತ್ತದೆ. ಮೂರನೇ ಲೈನಿಗೆ ಅಗೆಯುವಾಗ 2016ರಲ್ಲಿ ಹೇಡ್ರಿಯನ್ ಕಾಲದ ಸೈನಿಕರ ವಸತಿ ಸಿಕ್ಕಿತು, 39 ಕೋಣೆಗಳು. ಇಂಥದ್ದು ಸಿಕ್ಕರೆ ಕೆಲಸ ನಿಲ್ಲಿಸಿ, ಅಳೆದು, ಎತ್ತಿಟ್ಟು ಮುಂದುವರಿಯಬೇಕು. ರೈಲಿಗೆ ಅವಸರ ಇರಬಹುದು, ಹೇಡ್ರಿಯನ್ನನ ಸೈನಿಕರಿಗೆ ಇಲ್ಲ.

ಈಗ ನಿಮಗೆ ಬೇಕಾದ ವಿವರ. ಊರಾಚೆಯ ಹೋಟೆಲ್ ಬಿಟ್ಟು ಟೆರ್ಮಿನಿ ರೈಲು ನಿಲ್ದಾಣದ ಹತ್ತಿರ ಉಳಿಯುತ್ತೇವೆ. ಸ್ವಲ್ಪ ಗಲಾಟೆಯ ಜಾಗ, ಸುಳ್ಳು ಹೇಳಲ್ಲ. ಬಾಡಿಗೆಯೂ ಜಾಸ್ತಿ. ಬಸ್ಸಿನಲ್ಲಿ ಉಳಿದ ಹಣ ಅದಕ್ಕೆ ಸರಿಹೋಗುತ್ತದೆ, ಹಾಗಾಗಿ ಪ್ಯಾಕೇಜ್ ಬೆಲೆ ಏರುವುದಿಲ್ಲ. ಅಲ್ಲಿಂದ ಕೊಲೋಸಿಯಂಗೆ ಸುಮಾರು ಒಂದೂವರೆ ಕಿಲೋಮೀಟರ್, ಹೆಚ್ಚಿನದು ಇಳಿಜಾರು. ಬೆಳಿಗ್ಗೆ ಕೊಲೋಸಿಯಂ, ಫೋರಮ್, ಪ್ಯಾಲಟೈನ್ ಗುಡ್ಡ. ಮಧ್ಯಾಹ್ನದ ಮೇಲೆ ಟ್ರಾಜನ್ ಕಂಬ, ಪ್ಯಾಂಥಿಯನ್, ಟ್ರೆವಿ, ಅಲ್ಲಿಂದ ವಾಪಸ್. ಒಳಗೆ ಸುತ್ತುವುದೂ ಸೇರಿ 8 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ.

ಏಪಿಯನ್ ರಸ್ತೆ ಮತ್ತು ಅಲ್ಲಿಯ ನೆಲದಡಿಯ ಸಮಾಧಿಗಳು ಕೈಬಿಟ್ಟು ಹೋಗುತ್ತವೆ. ಕ್ರಿ.ಪೂ. 312ರ ಆ ಕಲ್ಲುದಾರಿ ನಮಗೆ ತುಂಬಾ ಇಷ್ಟ. ಆದರೆ ಅಲ್ಲಿಗೆ ಬಸ್ಸಿಲ್ಲದೆ ಹೋಗುವುದು ಕಷ್ಟ. ಬಿಡುವಿನ ದಿನ ನೀವೇ ಹೋಗುವುದಾದರೆ ದಾರಿ ಬರೆದುಕೊಡುತ್ತೇವೆ. ವ್ಯಾಟಿಕನ್ ಎಂದಿನಂತೆ ಎರಡನೇ ದಿನ.

ಮೊಣಕಾಲು ನೋವಿದ್ದವರು ಸಂಕೋಚ ಬಿಟ್ಟು ಮೊದಲೇ ತಿಳಿಸಿ. ಬೆಳಿಗ್ಗೆ ಹೋಗುವಾಗ, ಸಂಜೆ ಬರುವಾಗ ನಮ್ಮ ಖರ್ಚಿನಲ್ಲೇ ಟ್ಯಾಕ್ಸಿ, ಜೊತೆಗೆ ನಮ್ಮವರೊಬ್ಬರು. ಟ್ಯಾಕ್ಸಿಯವರೂ ಒಮ್ಮೊಮ್ಮೆ ಮುಷ್ಕರ ಮಾಡುತ್ತಾರೆ. ಅದಕ್ಕೇ ಈಗ ಎರಡು ವಾರ ಮುಂಚಿನಿಂದ ನೋಟಿಸ್‌ಗಳನ್ನು ನೋಡುತ್ತಿದ್ದೇವೆ. ಅಂಥ ದಿನ ಬಿದ್ದರೆ ನಾವೇ ವಾಟ್ಸಾಪ್ ಗುಂಪಿನಲ್ಲಿ ನಿಮಗೆ ತಿಳಿಸಿ, ಎರಡು ದಿನಗಳನ್ನು ಅದಲುಬದಲು ಮಾಡುತ್ತೇವೆ.

ಇದು ಬೇಡ ಅನಿಸಿದರೆ ಹೊರಡುವ 30 ದಿನ ಮುಂಚೆ ಹೇಳಿ. ಮುಂಗಡ ಪೂರ್ತಿ ವಾಪಸ್, ಕಾರಣ ಕೇಳುವುದಿಲ್ಲ.

ಹೊಸ ಶೂ ಹಾಕಿಕೊಂಡು ಬರಬೇಡಿ. ಅಲ್ಲಿಯ ಬೀದಿಗಳಿಗೆ ಹಾಸಿರುವುದು ಕಪ್ಪು ಕಲ್ಲಿನ ಸಣ್ಣ ಸಣ್ಣ ತುಂಡು, ಪಾದ ಉರಿಯುತ್ತದೆ. ಖಾಲಿ ಬಾಟಲಿ ಇಟ್ಟುಕೊಳ್ಳಿ. ಬೀದಿ ಬೀದಿಯಲ್ಲಿ ಎರಕದ ಕಬ್ಬಿಣದ ನಲ್ಲಿಗಳಿವೆ, ಅವರ ಭಾಷೆಯಲ್ಲಿ ‘ನಾಸೋನಿ’, ಅಂದರೆ ದೊಡ್ಡ ಮೂಗುಗಳು. ಕುಡಿಯುವ ನೀರು ಸದಾ ಹರಿಯುತ್ತಿರುತ್ತದೆ. ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಮೊದಲ ಸಲ ಮುಖವೆಲ್ಲ ಒದ್ದೆಯಾಗುತ್ತದೆ.

ಇಂತಿ ನಿಮ್ಮ,
ಪ್ರವಾಸ ಬಳಗ