ಪ್ರಾಜೆಕ್ಟ್ ಪ್ರದರ್ಶನಕ್ಕೆ ಮೊದಲು ಒಂದು ಮಳೆಗಾಲ ಕಳೆಯಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟ್ ಪ್ರದರ್ಶನ ನಮ್ಮ ಕಡೆ ಹೆಚ್ಚಾಗಿ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಸಿಪ್ಪೆ ಒಣಗಿಸಿ ಮಾರುವ ಕಾಡಿನ ಹುಳಿ ಹಣ್ಣು ಉಪ್ಪಾಗೆ. ಅದು ಹಣ್ಣಾಗಿ ಉದುರುವುದು ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ಘಟ್ಟದಲ್ಲಿ ಮಳೆ ಹಿಡಿದು ಹೊಡೆಯುವಾಗ. ಹಾಗಾಗಿ ‘ಉಪ್ಪಾಗೆ ಡ್ರೈಯರ್’ ಎಂಬ ಫಲಕದ ಹಿಂದೆ ನಿಂತ ಯಂತ್ರದೊಳಗೆ ಆ ದಿನ ಇರುವುದು ಬಾಳೆಕಾಯಿ ಹೋಳು ಅಥವಾ ಬಟಾಟೆ. ಪಕ್ಕದಲ್ಲಿ ಸಹಭಾಗಿ ಸಂಸ್ಥೆಯ ಹೆಸರಿರುತ್ತದೆ, ಒಡಂಬಡಿಕೆಗೆ ಸಹಿ ಹಾಕಿದ ಚಿತ್ರವೂ ಇರುತ್ತದೆ. ಆದರೆ ಆ ಯಂತ್ರ ಒಂದು ಬುಟ್ಟಿ ಉಪ್ಪಾಗೆ ಸಿಪ್ಪೆಯನ್ನೂ ಕಂಡಿರುವುದಿಲ್ಲ. ಮಕ್ಕಳ ಶ್ರಮದಲ್ಲಿ ಕೊರತೆಯಿಲ್ಲ. ಕಾಲೇಜಿನ ಕ್ಯಾಲೆಂಡರಿಗೂ ಕಾಡಿನ ಕ್ಯಾಲೆಂಡರಿಗೂ ಹೊಂದಿಕೆಯಾಗಿಲ್ಲ, ಅಷ್ಟೆ.

ಕರಾವಳಿಯಲ್ಲೂ ಇದೇ ಕಥೆ. ಮೀನಿನ ಪೆಟ್ಟಿಗೆಯ ಉಷ್ಣತೆ ದಾಖಲಿಸುವ ಉಪಕರಣ ಸಿದ್ಧವಾಗುವ ಹೊತ್ತಿಗೆ ಜೂನ್ 1 ಬಂದಿರುತ್ತದೆ; ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಬೈತಖೋಲ, ತದಡಿ ಬಂದರುಗಳಲ್ಲಿ ದೋಣಿಗಳು ದಡ ಸೇರಿರುವಾಗ ಉಪಕರಣವನ್ನು ಪರೀಕ್ಷಿಸುವುದು ಎಲ್ಲಿ? ಅಡಿಕೆಯ ವಿಷಯ ಎತ್ತಿಕೊಂಡವರಿಗೆ ಮಾತ್ರ ಕಾಲ ಒದಗಿಬರುತ್ತದೆ. ಕೊಯ್ಲು ನವೆಂಬರ್‌ನಿಂದ ಮಾರ್ಚ್ ಸುಮಾರಿಗೆ ನಡೆಯುವುದರಿಂದ ಸೆಮಿಸ್ಟರ್ ಒಳಗೇ ಯಂತ್ರವನ್ನು ನಿಜವಾದ ಕಣದಲ್ಲಿ ಓಡಿಸಿ ನೋಡಬಹುದು.

ಉಪ್ಪಾಗೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಮಳೆಯಲ್ಲಿ ಬಿಸಿಲಿಲ್ಲ, ಸಿಪ್ಪೆ ಒಂದು ದಿನ ಹಸಿಯಾಗಿ ಉಳಿದರೂ ಕೊಳೆಯತೊಡಗುತ್ತದೆ. ಆದ್ದರಿಂದ ಒಲೆ ಹಾಕಿಯೇ ಒಣಗಿಸಬೇಕು, ಅದಕ್ಕೆ ರಾಶಿ ಸೌದೆ ಬೇಕು. ಸಮಸ್ಯೆ ನಿಜವಾದದ್ದು, ವಿದ್ಯಾರ್ಥಿಗಳು ಕೈಹಾಕಲು ಯೋಗ್ಯವಾದದ್ದು. ಎಡವುವುದು ಮೊದಲ ಲೆಕ್ಕದಲ್ಲಿ.

ಹಸಿ ಸಿಪ್ಪೆ 100 ಕೆಜಿ, ಅದರಲ್ಲಿ ತೇವಾಂಶ ಶೇ. 80 ಎಂದಿಟ್ಟುಕೊಳ್ಳಿ (ನಿಜವಾದ ಅಂಕಿಯನ್ನು ಆಯಾ ಮಾಲಿನಿಂದಲೇ ಅಳೆದು ಹಾಕಬೇಕು). ಒಣ ಪದಾರ್ಥ 20 ಕೆಜಿ. ಶೇ. 20 ತೇವಾಂಶಕ್ಕೆ ಇಳಿಸಿದರೆ ಉಳಿಯುವುದು 25 ಕೆಜಿ. ಅಂದರೆ 75 ಕೆಜಿ ನೀರು ಆವಿಯಾಗಿ ಹೋಗಬೇಕು. ಒಂದು ಕೆಜಿ ನೀರು ಆವಿಯಾಗಲು ಸುಮಾರು 0.67 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು, ಒಟ್ಟು 50 ಯೂನಿಟ್. ಡ್ರೈಯರಿನ ದಕ್ಷತೆ ಅರ್ಧಕ್ಕರ್ಧ ಎಂದರೂ 100 ಯೂನಿಟ್. ಪ್ರದರ್ಶನದ ಮಾದರಿಗಳಲ್ಲಿ ಕಾಣುವ 500 ವ್ಯಾಟಿನ ಹೀಟರ್ ಈ ಕೆಲಸ ಮುಗಿಸಲು 200 ಗಂಟೆ ತೆಗೆದುಕೊಳ್ಳುತ್ತದೆ. ಎಂಟು ದಿನ! ಅಷ್ಟರಲ್ಲಿ ಸಿಪ್ಪೆಗೆ ಬೂಸ್ಟು ಬಂದಾಗಿರುತ್ತದೆ.

ಇದನ್ನೇ 20 ಗಂಟೆಯಲ್ಲಿ ಮುಗಿಸಬೇಕೆಂದರೆ 5 ಕಿಲೋವ್ಯಾಟ್ ಶಾಖ ಬೇಕು. 230 ವೋಲ್ಟಿನಲ್ಲಿ ಅದು ಸುಮಾರು 22 ಆಂಪಿಯರ್. ಮನೆಯ 16 ಆಂಪಿಯರ್ ಪ್ಲಗ್ ತಾಳುವುದಿಲ್ಲ. ಮಳೆಗಾಲದಲ್ಲಿ ಹಳ್ಳಿಯ ಲೈನು 180 ವೋಲ್ಟಿಗೆ ಇಳಿದರೆ ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ, ಅಂದರೆ ಶೇ. 61 ಮಾತ್ರ ಸಿಗುತ್ತದೆ. ಆದ್ದರಿಂದ ಘಟ್ಟದ ಮೇಲಿನ ಹಳ್ಳಿಗೆ ಪೂರ್ತಿ ವಿದ್ಯುತ್ ಡ್ರೈಯರ್ ಹೊಂದುವುದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಶಾಖ ಸೌದೆಯಿಂದಲೇ ಬರಲಿ. ಹೊಗೆ ಕೊಳವೆಯೊಳಗೆ ಹಾದು ಹೊರಹೋಗಲಿ, ಕೊಳವೆಯ ಹೊರಮೈಗೆ ತಾಗಿ ಬಿಸಿಯಾದ ಶುದ್ಧ ಗಾಳಿಯಷ್ಟೇ ಸಿಪ್ಪೆಗೆ ಹೋಗಲಿ. ವಿದ್ಯುತ್ ಬ್ಲೋವರಿಗೆ ಸಾಕು. ಒಂದು ಕೆಜಿ ಒಣ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖವಿದೆ. ತೆರೆದ ಒಲೆಯಲ್ಲಿ ಅದರ ಹತ್ತನೇ ಒಂದು ಪಾಲು ಮಾತ್ರ ನೀರು ಆರಿಸುವ ಕೆಲಸಕ್ಕೆ ಸಿಕ್ಕಿದರೆ ಮೇಲಿನ ಮಾಲಿಗೆ 125 ಕೆಜಿ ಸೌದೆ ಬೇಕು. ಕಾಲು ಪಾಲು ಸಿಗುವಂತೆ ಮಾಡಿದರೆ 50 ಕೆಜಿ ಸಾಕು. ವಿದ್ಯಾರ್ಥಿಗಳು ಗೆಲ್ಲಬೇಕಾದ ಅಂಕಿ ಇದೇ. ಮೊಬೈಲಿನಲ್ಲಿ ಗ್ರಾಫ್ ತೋರಿಸುವ ಆ್ಯಪ್ ಆಮೇಲೆ ಬರಲಿ.

ಗಾಳಿಯ ಲೆಕ್ಕವೂ ಇಷ್ಟೇ ಮುಖ್ಯ. ಮಳೆಗಾಲದ 25 ಡಿಗ್ರಿ, ಶೇ. 95 ಆರ್ದ್ರತೆಯ ಗಾಳಿಯನ್ನು 55 ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆ ಸುಮಾರು ಶೇ. 19ಕ್ಕೆ ಇಳಿಯುತ್ತದೆ. ಹಾಗಾಗಿ ಎಂಥ ಮಳೆಯಲ್ಲೂ ಒಣಗಿಸಲು ಸಾಧ್ಯ. ಆದರೆ 20 ಗಂಟೆಯಲ್ಲಿ 75 ಕೆಜಿ ನೀರನ್ನು ಹೊತ್ತೊಯ್ಯಲು ಗಂಟೆಗೆ ಸುಮಾರು 500 ಘನ ಮೀಟರ್ ಗಾಳಿ ಬೇಕು. ಕಂಪ್ಯೂಟರಿನಿಂದ ಬಿಚ್ಚಿದ 12 ವೋಲ್ಟ್ ಫ್ಯಾನ್ ಕೊಡುವುದು 100ರ ಆಸುಪಾಸು, ಅದೂ ಎದುರಿಗೆ ಅಡ್ಡಿಯಿಲ್ಲದಾಗ. ಹತ್ತು ಟ್ರೇ ಸಿಪ್ಪೆ ಎದುರಾದರೆ ಅದರ ಗಾಳಿ ತಿರುಗಿ ಅಲ್ಲೇ ಸುತ್ತುತ್ತದೆ. ಇಲ್ಲಿಗೆ ಬೇಕಾದದ್ದು ಅಡ್ಡಿಯಿದ್ದರೂ ಗಾಳಿಯನ್ನು ಒತ್ತಿ ತಳ್ಳುವ ಸೆಂಟ್ರಿಫ್ಯೂಗಲ್ ಬ್ಲೋವರ್.

ಇನ್ನು ಮಾಲು ಒಳಗಿಟ್ಟ ಮೇಲೆ ಮಾತ್ರ ಕಾಣಿಸಿಕೊಳ್ಳುವ ತೊಂದರೆಗಳು. ಉಪ್ಪಾಗೆ ಹುಳಿ ಲೋಹವನ್ನು ತಿನ್ನುತ್ತದೆ. ಕಲಾಯಿ ತಗಡಿನ ಟ್ರೇ ಒಂದೇ ಋತುವಿನಲ್ಲಿ ಹಾಳಾಗುತ್ತದೆ, ಕಬ್ಬಿಣ ತಾಗಿದಲ್ಲಿ ಸಿಪ್ಪೆಗೆ ಕಪ್ಪು ಕಲೆ ಬೀಳುತ್ತದೆ, ಅಲ್ಯೂಮಿನಿಯಂ ಕೂಡ ಉಳಿಯುವುದಿಲ್ಲ. 304 ದರ್ಜೆಯ ಸ್ಟೀಲ್ ಜಾಲರಿ ಬೇಕು. ದುಬಾರಿಯೆನಿಸಿದರೆ ಬಿದಿರಿನ ತಟ್ಟಿ ಒಳ್ಳೆಯದು. ಮೊದಲ ಕೆಲವು ಗಂಟೆ ರಸ ತೊಟ್ಟಿಕ್ಕುತ್ತದೆ. ಕೆಳಗೆ ಬ್ಲೋವರ್ ಇಟ್ಟ ವಿನ್ಯಾಸಗಳಲ್ಲಿ ಅದು ನೇರವಾಗಿ ಮೋಟಾರಿನ ಮೇಲೆ ಬೀಳುತ್ತದೆ. ಓರೆಯಾಗಿ ಕೂರಿಸಿದ ಒಂದು ಸ್ಟೀಲ್ ತಗಡು ಇದ್ದರೆ ಮೋಟಾರು ಉಳಿಯುತ್ತದೆ. ಕೆಳಗಿನ ಟ್ರೇ ಕರಕಲು, ಮೇಲಿನದು ಹಸಿ ಎಂಬ ದೂರು ಪ್ರತಿ ಡ್ರೈಯರಿಗೂ ಇದೆ. ಆರು ಗಂಟೆಗೊಮ್ಮೆ ಟ್ರೇ ಅದಲುಬದಲು ಮಾಡುವ ಕೆಲಸವನ್ನು ಯಾರಿಗೆ ಒಪ್ಪಿಸಬೇಕು ಎನ್ನುವುದೂ ವಿನ್ಯಾಸದ ಭಾಗವೇ.

ಸೆನ್ಸರಿನ ಆಯ್ಕೆಯಲ್ಲಿ ಆಗುವ ತಪ್ಪು ಚಿಕ್ಕದು, ನಷ್ಟ ದೊಡ್ಡದು. ಉಷ್ಣತೆ, ಆರ್ದ್ರತೆ ಎರಡನ್ನೂ ತೋರಿಸುವ, ಅಗ್ಗವೆಂದು ಎಲ್ಲರೂ ಕೊಳ್ಳುವ ಡಿಎಚ್‌ಟಿ 11 ಸೆನ್ಸರ್ ಅಳೆಯುವುದು 50 ಡಿಗ್ರಿವರೆಗೆ ಮಾತ್ರ. 55 ಡಿಗ್ರಿಯ ಡ್ರೈಯರಿನಲ್ಲಿ ಅದು ತೋರಿಸುವುದನ್ನು ನಂಬಿ ಬೆಂಕಿ ಹೆಚ್ಚಿಸಿದರೆ ಮಾಲು ಹೋಯಿತು. ಡಿಎಚ್‌ಟಿ 22 ಆದರೆ 80 ಡಿಗ್ರಿವರೆಗೆ ಅಳೆಯುತ್ತದೆ. ಉಷ್ಣತೆ ಮಾತ್ರ ಸಾಕೆನ್ನುವಲ್ಲಿ ಸ್ಟೀಲ್ ಕವಚದ ಪಿಟಿ 100 ಎಂಬ ಪ್ಲಾಟಿನಂ ಸೆನ್ಸರ್ ಹಾಕುವುದು ಉತ್ತಮ. ತೂಕ ಅಳೆಯಲು ಲೋಡ್‌ಸೆಲ್ ಎಂಬ ಸೆನ್ಸರ್ ಹಾಕಿದವರು ಅದನ್ನು ಬಿಸಿ ಕೋಣೆಯೊಳಗೆ ಇಡಬಾರದು, ಶಾಖಕ್ಕೆ ಅದರ ಸೊನ್ನೆ ಸರಿಯುತ್ತದೆ. ಹೊರಗಿಟ್ಟು ಸರಳಿನಿಂದ ಟ್ರೇ ತೂಗುಹಾಕಬೇಕು. ಹೀಟರಿಗೆ ಸಾಲಿಡ್ ಸ್ಟೇಟ್ ರಿಲೇ (ಎಲೆಕ್ಟ್ರಾನಿಕ್ ಸ್ವಿಚ್) ಹಾಕಿದ್ದರೆ ಅದು ಕೆಟ್ಟಾಗ ಹೆಚ್ಚಾಗಿ ‘ಆನ್’ ಸ್ಥಿತಿಯಲ್ಲೇ ಉಳಿಯುತ್ತದೆ. ಕಂಟ್ರೋಲರನ್ನು ನೆಚ್ಚಿಕೊಳ್ಳದ ಶಾಖ ಮಿತಿಮೀರಿದಾಗ ತಾನೇ ಕರೆಂಟು ಕಡಿಯುವ ಪ್ರತ್ಯೇಕ ಥರ್ಮಲ್ ಕಟ್‌ಔಟ್ ಇಲ್ಲದ ಡ್ರೈಯರನ್ನು ರಾತ್ರಿ ಮನೆಯ ಜಗಲಿಯಲ್ಲಿ ಓಡಿಸಲು ಬಿಡಲೇಬಾರದು.

ಕರೆಂಟು ಹೋದರೆ? ಬ್ಲೋವರ್ ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಹದಿನೈದು ನಿಮಿಷದಲ್ಲಿ ಕೆಳಗಿನ ಟ್ರೇ ಸುಡಬಹುದು. 60 ವ್ಯಾಟಿನ ಬ್ಲೋವರನ್ನು 12 ವೋಲ್ಟ್ 40 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಅರ್ಧ ಖಾಲಿಯಾಗುವವರೆಗೆ ಸುಮಾರು 4 ಗಂಟೆ ಓಡಿಸುತ್ತದೆ. ಅದಕ್ಕೂ ಮಿಕ್ಕಿದ ಹೊತ್ತಿಗೆ, ಬಿಸಿ ಗಾಳಿ ತಾನಾಗಿ ಮೇಲೇರಿ ಹೋಗುವಂತೆ ಕೈಯಿಂದ ತೆರೆಯುವ ಒಂದು ಬಾಗಿಲು ಸಾಕು. ಪ್ರದರ್ಶನದ ಸಭಾಂಗಣದಲ್ಲಿ ಕರೆಂಟು ಹೋಗದ ಕಾರಣ ಈ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಸಹಭಾಗಿ ಸಂಸ್ಥೆಗಳ ಪಾಲೂ ಇದೆ. ಸಹಕಾರಿ ಸಂಘವಿರಲಿ, ಖಾಸಗಿ ಸಂಸ್ಕರಣಾ ಘಟಕವಿರಲಿ, ಒಡಂಬಡಿಕೆಯಲ್ಲಿ ಬರೆಯಬೇಕಾದ್ದು ಇಷ್ಟು: ಎಷ್ಟು ಕೆಜಿ ಮಾಲು ಕೊಡುತ್ತೀರಿ, ಮಾಲು ಕೆಟ್ಟರೆ ನಷ್ಟ ಯಾರದು, ರಾತ್ರಿ ಪಾಳಿಯಲ್ಲಿ ಯಂತ್ರ ನೋಡಿಕೊಳ್ಳುವವರು ಯಾರು, ವಿದ್ಯಾರ್ಥಿಗಳು ಪದವಿ ಮುಗಿಸಿ ಹೋದ ಮೇಲೆ ಯಂತ್ರ ಯಾರ ವಶದಲ್ಲಿ ಇರುತ್ತದೆ. ಕೊನೆಯದಕ್ಕೆ ಉತ್ತರವಿಲ್ಲದ ಕಡೆ ಯಂತ್ರ ಗೋದಾಮಿನ ಮೂಲೆ ಸೇರುತ್ತದೆ.

ಪರೀಕ್ಷೆಯ ಕ್ರಮ ಕಷ್ಟದ್ದೇನಲ್ಲ. ಒಂದೇ ದಿನ ಒಂದೇ ಬೆಟ್ಟದಿಂದ ತಂದ ಸಿಪ್ಪೆಯನ್ನು ಬೆರೆಸಿ ಎರಡು ಪಾಲು ಮಾಡಿ. ಒಂದು ಪಾಲು ಮನೆಯವರ ಹಳೇ ಒಲೆಗೆ, ಇನ್ನೊಂದು ಹೊಸ ಡ್ರೈಯರಿಗೆ. ಎರಡೂ ಕಡೆ ಸೌದೆ ತೂಗಿ ಹಾಕಿ, ಹಸಿ ಸೌದೆಯನ್ನೂ ಒಣ ಸೌದೆಯನ್ನೂ ಕಲಸಬೇಡಿ. ಎರಡು ಗಂಟೆಗೊಮ್ಮೆ ಮೇಲಿನ, ನಡುವಿನ, ಕೆಳಗಿನ ಟ್ರೇಗಳ ತೂಕ ಬರೆಯಿರಿ. ಮುಗಿದ ಮೇಲೆ ಚೀಲಗಳ ಮೇಲೆ ಬರೀ ಸಂಖ್ಯೆ ಬರೆದು ವ್ಯಾಪಾರಿಯ ಮುಂದಿಡಿ. ಯಾವುದು ಯಂತ್ರದ್ದು ಎಂದು ಹೇಳದೆ ದರ ಕೇಳಿ. ಒಂದಿಷ್ಟನ್ನು ಚೀಲದಲ್ಲೇ ಕಟ್ಟಿಟ್ಟು ಒಂದು ತಿಂಗಳ ನಂತರ ಬಿಚ್ಚಿ ನೋಡಿ. ಬೇಗ ಮುಗಿಯಲೆಂದು ಮೊದಲೇ 75 ಡಿಗ್ರಿ ಕೊಟ್ಟಿದ್ದರೆ ಸಿಪ್ಪೆಯ ಹೊರಮೈ ಗಟ್ಟಿಯಾಗಿ ಒಳಗೆ ತೇವ ಉಳಿದಿರುತ್ತದೆ. ಬೂಸ್ಟು ಆಗ ಹೊರಬರುತ್ತದೆ. ಹೀಗೆ ಕನಿಷ್ಠ ಮೂರು ಸಲ ಮಾಡಿ ಬರೆದಿಟ್ಟ ಪುಸ್ತಕ ಪ್ರದರ್ಶನದ ಮೇಜಿನ ಮೇಲಿರಲಿ, ತೀರ್ಪುಗಾರರು ಮೊದಲು ಅದನ್ನೇ ಓದಲಿ.

ಇದಕ್ಕೆಲ್ಲ ಕಾಲ ಎಲ್ಲಿಂದ ಬರಬೇಕು? ವಿಷಯದ ಆಯ್ಕೆಯನ್ನು ಅಂತಿಮ ವರ್ಷಕ್ಕೆ ಕಾಯಿಸದೆ ಮೂರನೇ ವರ್ಷದ ಜನವರಿಯಲ್ಲೇ ಮುಗಿಸಬೇಕು. ಮೇ ಒಳಗೆ ಒರಟಾದರೂ ಸರಿ, 20 ಕೆಜಿ ಹಿಡಿಯುವ ಮಾದರಿ ಸಿದ್ಧವಾದರೆ ಜೂನ್‌ನಿಂದ ಆಗಸ್ಟ್‌ವರೆಗೆ ಅದರ ತಪ್ಪುಗಳೆಲ್ಲ ಬಯಲಾಗುತ್ತವೆ. ಅಂತಿಮ ವರ್ಷ ಪೂರ್ತಿ ತಿದ್ದಲು ಸಿಗುತ್ತದೆ. ಧನಸಹಾಯಕ್ಕೆ ದಾರಿಯಿಲ್ಲವೆಂದಲ್ಲ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಯನ್ನು 1977ರಿಂದ ನಡೆಸುತ್ತ ಬಂದಿದೆ. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳೂ ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗಳೂ ಒಂದೇ ತಂಡದಲ್ಲಿ ಕೂತರೆ ಯಂತ್ರ ಬಲ್ಲವರೂ ಮರ ಬಲ್ಲವರೂ ಜೊತೆಯಾಗುತ್ತಾರೆ. ಇಂಥ ಜೋಡಿ ತಂಡಗಳನ್ನು ಕಾಲೇಜುಗಳೇ ಮುಂದೆ ನಿಂತು ಕಟ್ಟಬೇಕೆಂದು ಮನಸಾರೆ ಕೇಳಿಕೊಳ್ಳುತ್ತೇವೆ.

ಪೇಟೆಂಟ್ ಬಗ್ಗೆ ಒಂದು ಎಚ್ಚರಿಕೆ. ಹೊಸ ವಿನ್ಯಾಸವನ್ನು ಸಾರ್ವಜನಿಕವಾಗಿ ತೋರಿಸಿಬಿಟ್ಟರೆ ಅದರ ಹೊಸತನವೇ ಹೋಯಿತೆಂದು ಅರ್ಜಿ ತಿರಸ್ಕಾರವಾಗಬಹುದು. 1970ರ ಪೇಟೆಂಟ್ ಕಾಯ್ದೆಯ 31ನೇ ಕಲಮಿನ ರಿಯಾಯಿತಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಮಾತ್ರ. ಕಾಲೇಜು ಪ್ರದರ್ಶನಕ್ಕೆ ಅದು ಅನ್ವಯಿಸುತ್ತದೆಂದು ನಂಬಬೇಡಿ. ಪ್ರದರ್ಶನದ ಮೊದಲೇ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದರೆ ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳು ಸಿಗುತ್ತದೆ.

ತಮ್ಮ ಪತ್ರಿಕೆಯ ವರದಿಗಾರರಲ್ಲೂ ಒಂದು ವಿನಂತಿ. ಮುಂದಿನ ಪ್ರದರ್ಶನದ ಸುದ್ದಿ ಮಾಡುವಾಗ ಉದ್ಘಾಟಿಸಿದವರ ಹೆಸರಿನ ಜೊತೆಗೆ ಪ್ರತಿ ಡ್ರೈಯರಿನ ಮುಂದೆಯೂ ಕೇಳಿ ಬರೆಯಿರಿ: ಒಳಗೆ ಹಾಕಿದ ಹಸಿ ಮಾಲು ಎಷ್ಟು ಕೆಜಿ, ಉರಿದ ಸೌದೆ ಎಷ್ಟು, ಹಿಡಿದ ಗಂಟೆ ಎಷ್ಟು, ಕಳೆದ ವರ್ಷ ಇಲ್ಲೇ ಬಹುಮಾನ ಪಡೆದ ಯಂತ್ರ ಈಗ ಯಾವ ಊರಲ್ಲಿ ಓಡುತ್ತಿದೆ.

ಇತಿ,
ವಿದ್ಯಾರ್ಥಿ ಪ್ರಾಜೆಕ್ಟ್‌ಗಳ ಇಬ್ಬರು ತಾಂತ್ರಿಕ ಮಾರ್ಗದರ್ಶಕರು
ಶಿರಸಿ