ಮದ್ದು ಕಡಿಮೆಯಾದ ಮಾತ್ರಕ್ಕೆ ಅಪಾಯ ಕಡಿಮೆಯಾಗದು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಮನೆಯಲ್ಲೇ ತೋಟೆ ತುಂಬಿಕೊಳ್ಳುವ, ಅಂದರೆ ಹಾರಿಸಿ ಖಾಲಿಯಾದ ಹಿತ್ತಾಳೆ ಕವಚಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು, ಸಿಡಿಮದ್ದು, ಗುಂಡು ಕೂರಿಸುವ ಹವ್ಯಾಸದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಬರಹವನ್ನು ಆಸಕ್ತಿಯಿಂದ ಓದಿದೆ. ಅದರಲ್ಲಿನ ಎರಡು ಮಾತುಗಳು ವಸ್ತುಸ್ಥಿತಿಗೆ ದೂರವಾಗಿವೆ. ಮ್ಯಾಗ್ನಮ್ ಎಂಬ ಹೆಚ್ಚು ಬಲದ ತೋಟೆಯ ರಿವಾಲ್ವರ್ ಇಟ್ಟುಕೊಂಡವರೆಲ್ಲ ಅದರ ಪೂರ್ಣ ಶಕ್ತಿಗೆ ಮರುಳಾದವರು ಎಂಬುದು ಒಂದು. ಮದ್ದನ್ನು ಕಡಿಮೆ ಹಾಕಿದರೆ ಅಪಾಯ ತಾನಾಗಿಯೇ ಇಳಿಯುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಅರೆತಿಳಿವಳಿಕೆಯ ಮಾತು. ಎರಡನೆಯದನ್ನು ನಂಬಿದವನ ಬೆರಳಿಗೋ ಕಣ್ಣಿಗೋ ಸಂಚಕಾರ ಬರಬಹುದು. ಮಲೆನಾಡಿನಿಂದ ಬಂದು ಓಹಾಯೋದಲ್ಲಿ ನೆಲೆಸಿ, ಇಲ್ಲಿನ ಕ್ಲಬ್ಬೊಂದರಲ್ಲಿ ಬಹುಕಾಲದಿಂದ ಕಾಗದದ ಗುರಿಗೆ ಗುಂಡು ಹೊಡೆಯುತ್ತಿರುವವನಾಗಿ ಈ ಕುರಿತು ಕೆಲವು ಮಾತು ಬರೆಯುವುದು ಅಗತ್ಯವೆನಿಸಿತು.

ಬರಹದಲ್ಲಿ ಹೆಸರಿಸಿರುವ .44 ಮ್ಯಾಗ್ನಮ್ ತೋಟೆ ಮಾರುಕಟ್ಟೆಗೆ ಬಂದದ್ದು 1955-56ರ ಹೊತ್ತಿಗೆ, ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ ಕಂಪನಿಗಳ ಜಂಟಿ ಪ್ರಯತ್ನದಿಂದ. ಆದರೆ ಅದರ ಬೀಜ ಬಿದ್ದದ್ದು ಕೈಯಿಂದ ತೋಟೆ ತುಂಬುವವರ ಮೇಜಿನ ಮೇಲೆ. ಐಡಾಹೊದಲ್ಲಿ ದನ ಸಾಕುತ್ತ, ಬಂದೂಕಿನ ವಿಷಯ ಬರೆಯುತ್ತಿದ್ದ ಎಲ್ಮರ್ ಕೀತ್ 1907ರಷ್ಟು ಹಳೆಯದಾದ .44 ಸ್ಪೆಷಲ್ ತೋಟೆಗೆ ಕಾರ್ಖಾನೆಯವರಿಗಿಂತ ಹೆಚ್ಚು ಮದ್ದು ತುಂಬಿ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಆ ಶಕ್ತಿಗೆ ತಕ್ಕ ಹೊಸ ತೋಟೆಯನ್ನೂ ಹೊಸ ರಿವಾಲ್ವರನ್ನೂ ಮಾಡಿಕೊಡಿ ಎಂದು ಕಂಪನಿಗಳ ಬೆನ್ನುಬಿದ್ದರು. ಹೊಸ ತೋಟೆಯನ್ನು ಹಳೆಯದಕ್ಕಿಂತ ಇಂಚಿನ ಎಂಟನೇ ಒಂದು ಭಾಗದಷ್ಟು ಉದ್ದ ಮಾಡಿದ್ದರಿಂದ ಅದು ಹಳೆಯ, ಅಷ್ಟು ಗಟ್ಟಿಯಲ್ಲದ ರಿವಾಲ್ವರ್‌ಗಳೊಳಗೆ ಹೋಗುವುದೇ ಇಲ್ಲ. ಸ್ಪೆಷಲ್ ತೋಟೆಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 15,500 ಪೌಂಡ್, ಮ್ಯಾಗ್ನಮ್‌ನದು 36,000. ಎರಡಕ್ಕೂ ಗುಂಡಿನ ದಪ್ಪ ಒಂದೇ, ಆದ್ದರಿಂದ ಸ್ಪೆಷಲ್ ತೋಟೆಯನ್ನು ಮ್ಯಾಗ್ನಮ್ ರಿವಾಲ್ವರಿನಲ್ಲಿ ಹಾರಿಸಬಹುದು.

ಹೆಚ್ಚು ಶಕ್ತಿಗಾಗಿ ಹುಟ್ಟಿದ ಈ ರಿವಾಲ್ವರಿಗೆ ಇಂದು ಗುರಿ ಅಭ್ಯಾಸದವರು ತುಂಬುವುದು ಬಹುಮಟ್ಟಿಗೆ ಹಳೆಯ ಸ್ಪೆಷಲ್‌ನ ಹದದ ಅಥವಾ ಅದಕ್ಕಿಂತ ತುಸು ಮೇಲಿನ ತೋಟೆಗಳನ್ನೇ. ಕಾರಣ ಸರಳವಾಗಿದೆ. ಪೂರ್ಣ ಶಕ್ತಿಯ ತೋಟೆಯಲ್ಲಿ 240 ಗ್ರೇನ್ ತೂಕದ, ಅಂದರೆ ಹದಿನೈದೂವರೆ ಗ್ರಾಂನಷ್ಟು ಭಾರದ ಗುಂಡು ಸೆಕೆಂಡಿಗೆ ಸುಮಾರು 1350 ಅಡಿ ವೇಗದಲ್ಲಿ ಹೊರಡುತ್ತದೆ. ಅದೇ ಗುಂಡನ್ನು 900 ಅಡಿಗೆ ಇಳಿಸಿದರೆ ಅದರ ಚಲನಶಕ್ತಿ ಅರ್ಧಕ್ಕಿಂತ ಕೆಳಗೆ ಬರುತ್ತದೆ, ರಿವಾಲ್ವರಿನ ಒದೆತವೂ ಅದಕ್ಕೆ ತಕ್ಕಂತೆ ತಗ್ಗುತ್ತದೆ; ಗುಂಡು ಶಬ್ದದ ವೇಗ ದಾಟದ ಕಾರಣ ಕಿವಿಗೆ ಅಪ್ಪಳಿಸುವ ಆ ಚಟ್ ಎಂಬ ಸಿಡಿತವೂ ಇಲ್ಲ. ಇಪ್ಪತ್ತೈದು ಗಜದ ಆಚೆಗಿನ ಕಾಗದಕ್ಕೆ ತೂತು ಮಾಡಲು ಇಷ್ಟು ವೇಗ ಧಾರಾಳವಾಗಿ ಸಾಕು. ಬಲವಾಗಿ ಒದೆಯುವ ರಿವಾಲ್ವರ್ ಹಿಡಿದವನು ಹತ್ತಾರು ಗುಂಡು ಹಾರಿಸುವಷ್ಟರಲ್ಲಿ, ಕುದುರೆ (ಟ್ರಿಗರ್) ಎಳೆಯುವ ಮುನ್ನವೇ ಕಣ್ಣು ಮುಚ್ಚಿ ಮಣಿಕಟ್ಟು ಬಗ್ಗಿಸಲು ಕಲಿತುಬಿಡುತ್ತಾನೆ. ಆ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸಲು ತಿಂಗಳುಗಳೇ ಬೇಕು.

ಪಂದ್ಯಗಳ ಪರಂಪರೆಯೂ ಇದನ್ನೇ ತೋರಿಸುತ್ತದೆ. ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ ಅಮೆರಿಕದ ರಾಷ್ಟ್ರೀಯ ಗುರಿ ಪಂದ್ಯಗಳು ಮೊದಲು ನಡೆದದ್ದು 1907ರಲ್ಲಿ. ಅಂಥ ಪಂದ್ಯಗಳಲ್ಲಿ ದಶಕಗಳ ಕಾಲ ಮೆರೆದ .38 ಸ್ಪೆಷಲ್‌ನ ವಾಡ್‌ಕಟರ್ ತೋಟೆ ಅತ್ಯಂತ ಸೌಮ್ಯವಾದದ್ದು: 148 ಗ್ರೇನಿನ ಮೋಟು ಗುಂಡು, ಮುಂದೆ ಚೂಪಿಲ್ಲ, ಕಾಗದದಲ್ಲಿ ಅಂಚು ಹರಿಯದ ದುಂಡನೆ ತೂತು ಬೀಳುವುದರಿಂದ ಅಂಕ ಎಣಿಸುವಾಗ ತಕರಾರೇ ಇಲ್ಲ. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲೂ ಮೆಚ್ಚುಗೆ ಸಲ್ಲುವುದು ಕಾಯಿ ಒಡೆದವನಿಗೆ; ಯಾರ ಕೋವಿ ಎಷ್ಟು ಸದ್ದು ಮಾಡಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಎರಡನೆಯ ಮಾತು. ಕೇಪಿನ ಕೋವಿಗೆ ಕರಿಮದ್ದು ಹಾಕಿ, ತೆಂಗಿನ ನಾರು ತುರುಕಿ, ಗಜದ ಕೋಲಿನಿಂದ ಜಡಿಯುವುದನ್ನು ಕಂಡು ಬೆಳೆದವರಿಗೆ ಲೇಖಕರ ಅಭಿಪ್ರಾಯ ಸಹಜವಾಗಿಯೇ ತೋರುತ್ತದೆ. ಅಲ್ಲಿ ಚಿಟಿಕೆ ಮದ್ದು ಕಡಿಮೆಯಾದರೆ ಈಡು ಸಪ್ಪೆಯಾಗುತ್ತದೆ, ಹಂದಿ ಓಡಿಹೋಗುತ್ತದೆ, ಅಷ್ಟೇ. ಇಂದಿನ ತೋಟೆಗಳಲ್ಲಿರುವ ಹೊಗೆಯಿಲ್ಲದ ಮದ್ದಿನ ಸ್ವಭಾವ ಬೇರೆ. ಅದನ್ನು ಗ್ರೇನಿನ ಹತ್ತನೇ ಒಂದು ಭಾಗದವರೆಗೆ ತೂಗಬೇಕು. ಒಂದು ಗ್ರಾಂಗೆ ಹದಿನೈದಕ್ಕೂ ಹೆಚ್ಚು ಗ್ರೇನ್‌ಗಳಿವೆ ಎಂದರೆ ಆ ತೂಕ ಎಷ್ಟು ಸೂಕ್ಷ್ಮವೆಂದು ಊಹಿಸಬಹುದು. ಬೇಗ ಉರಿಯುವ ಮದ್ದು ಬೇರೆ, ನಿಧಾನವಾಗಿ ಉರಿಯುವ ಮದ್ದು ಬೇರೆ. ಪೂರ್ಣ ಶಕ್ತಿಯ ಮ್ಯಾಗ್ನಮ್‌ಗೆ ಬಳಸುವ ಎಚ್ 110ರಂಥ ನಿಧಾನದ ಮದ್ದನ್ನು ಅಳತೆಯ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಇಳಿಸಬಾರದೆಂದು ಅದರ ತಯಾರಕರೇ ಎಚ್ಚರಿಸುತ್ತಾರೆ, ಏಕೆಂದರೆ ಒತ್ತಡ ಸಾಲದೆ ಅದು ಅರೆಬರೆ ಉರಿದು ಗುಂಡು ನಳಿಗೆಯ ನಡುವೆಯೇ ನಿಂತುಬಿಡಬಹುದು. ಅದನ್ನು ಗಮನಿಸದೆ ಮುಂದಿನ ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಕೆಟ್ಟ ಗಳಿಗೆಯಾದರೆ ಸೀಳುತ್ತದೆ. ಹೀಗಾಗಿ ಹದವಾದ ತೋಟೆ ಬೇಕಾದವನು ಪೂರ್ಣ ಶಕ್ತಿಯ ಲೆಕ್ಕದಿಂದ ಕಳೆಯುತ್ತ ಬರುವುದಿಲ್ಲ. ಅದಕ್ಕೆಂದೇ ಪರೀಕ್ಷಿಸಿ ಅಚ್ಚು ಹಾಕಿದ, ಬೇರೆ ಮದ್ದಿನ ಬೇರೆ ಲೆಕ್ಕವನ್ನೇ ಹಿಡಿಯುತ್ತಾನೆ.

ಬೇಗ ಉರಿಯುವ ಮದ್ದಿನ ತೊಡಕು ಇದಕ್ಕೆ ತದ್ವಿರುದ್ಧವಾದದ್ದು. ಅದು ಎಷ್ಟು ಸ್ವಲ್ಪ ಸಾಕೆಂದರೆ, ಉದ್ದನೆಯ ಮ್ಯಾಗ್ನಮ್ ತೋಟೆಯ ತಳದಲ್ಲಿ ಚೂರು ಪುಡಿ ಬಿದ್ದಂತೆ ಕಾಣುತ್ತದೆ. ಕೈತಪ್ಪಿ ಎರಡನೇ ಸಲ ಸುರಿದರೂ ಚೆಲ್ಲುವುದಿಲ್ಲ, ಮೇಲೆ ಗುಂಡು ಕೂರಿಸುವುದಕ್ಕೂ ಅಡ್ಡಿಯಾಗುವುದಿಲ್ಲ. ಪೂರ್ಣ ಶಕ್ತಿಯ ತೋಟೆಯಲ್ಲಿ ಇಂಥ ತಪ್ಪು ಮೇಜಿನ ಮೇಲೆಯೇ ಬಯಲಾಗುತ್ತದೆ, ಮದ್ದು ಬಾಯಿ ತುಂಬಿ ಹೊರಗೆ ಸುರಿಯುತ್ತದೆ. ಸೌಮ್ಯ ತೋಟೆಯಲ್ಲಿ ಅದು ಬಯಲಾಗುವುದು ರಿವಾಲ್ವರಿನಲ್ಲಿ ತೋಟೆಗಳು ಕೂರುವ ಸಿಲಿಂಡರ್ ಸಿಡಿದಾಗ. ಲೇಖಕರು ಸುರಕ್ಷಿತವೆಂದು ಕರೆದ ಜಾಗದಲ್ಲಿಯೇ ಈ ಹವ್ಯಾಸದ ಅತಿ ದೊಡ್ಡ ಗಂಡಾಂತರವಿದೆ ಎಂಬುದು ನನ್ನ ಮುಖ್ಯ ಆಕ್ಷೇಪ.

ಇದನ್ನು ತಡೆಯಲು ಅನುಭವಿಗಳು ಅನುಸರಿಸುವ ಕ್ರಮವನ್ನು ಬರಹದಲ್ಲಿ ಹೇಳಬೇಕಿತ್ತು. ಐವತ್ತು ಗುಳಿಗಳಿರುವ ಹಲಗೆಯಲ್ಲಿ ಖಾಲಿ ತೋಟೆಗಳನ್ನು ಬಾಯಿ ಕೆಳಗಾಗಿ ನಿಲ್ಲಿಸಿಟ್ಟು, ಒಂದೊಂದನ್ನೇ ಎತ್ತಿ ಮದ್ದು ಹಾಕಿ, ಬಾಯಿ ಮೇಲೆ ಮಾಡಿ ಇಡುತ್ತಾರೆ. ಹೀಗೆ ಮದ್ದು ಬಿದ್ದದ್ದು ಯಾವುದು, ಬೀಳದ್ದು ಯಾವುದು ಎಂಬ ಗೊಂದಲಕ್ಕೆ ಎಡೆಯೇ ಇರುವುದಿಲ್ಲ. ಎಲ್ಲ ಮುಗಿದ ಮೇಲೆ, ಗುಂಡು ಕೂರಿಸುವ ಮೊದಲು, ಟಾರ್ಚ್ ಹಿಡಿದು ಐವತ್ತರ ಒಳಗೂ ಬಗ್ಗಿ ನೋಡುತ್ತಾರೆ. ಮದ್ದಿನ ಮಟ್ಟ ಸಾಲಾಗಿ ಒಂದೇ ಇರಬೇಕು. ಒಂದರಲ್ಲಿ ತುಸು ಎತ್ತರ ಕಂಡರೂ ಅದನ್ನು ಸುರಿದು ಮತ್ತೆ ತೂಗುವುದೇ ರೂಢಿ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು, ಆಗ ಟಿವಿ ಹಾಕುವಂತಿಲ್ಲ, ಮಾತಿಗೆ ಬಂದ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವಂತಿಲ್ಲ. ಟ್ರೈಲ್ ಬಾಸ್ ಎಂಬ ಮದ್ದನ್ನು ನಡುವೆ ತೂತಿರುವ ಪುಟ್ಟ ಬಳೆಗಳ ಆಕಾರದಲ್ಲಿ ಮಾಡಿದ್ದರ ಉದ್ದೇಶವೂ ಇದೇ: ತೂಕ ಕಡಿಮೆಯಿದ್ದರೂ ತೋಟೆಯ ಬಹುಪಾಲು ಜಾಗವನ್ನು ಅದು ತುಂಬಿಕೊಳ್ಳುವುದರಿಂದ ಎರಡು ಸಲ ಸುರಿದರೆ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಸ್ಪೆಷಲ್ ಹದದ ತೋಟೆ ಬೇಕಾದರೆ ಸ್ಪೆಷಲ್ ತೋಟೆಯನ್ನೇ ತುಂಬಬಾರದೇಕೆ ಎಂದು ಓದುಗರು ಕೇಳಬಹುದು. ತುಂಬುವವರಿದ್ದಾರೆ. ಆದರೆ ಗಿಡ್ಡ ತೋಟೆಯನ್ನು ಸಿಲಿಂಡರಿನ ಉದ್ದ ಕೋಣೆಯಲ್ಲಿ, ಅಂದರೆ ತೋಟೆ ಕೂರುವ ತೂತಿನಲ್ಲಿ, ಹಾರಿಸುತ್ತ ಹೋದರೆ, ತೋಟೆಯ ಬಾಯಿ ಮುಗಿಯುವ ಜಾಗದಿಂದ ಮುಂದಕ್ಕೆ ಮಸಿ ಮತ್ತು ಸೀಸದ ಬಳೆಯೊಂದು ಕಟ್ಟುತ್ತದೆ; ಆಮೇಲೆ ಮ್ಯಾಗ್ನಮ್ ತೋಟೆ ಹಾಕಹೋದರೆ ಅದು ಅರ್ಧಕ್ಕೇ ಬಿಗಿದು ನಿಲ್ಲುತ್ತದೆ. ಹಿತ್ತಾಳೆಯ ಬ್ರಷ್ಷಿನಿಂದ ಆರೂ ಕೋಣೆಗಳನ್ನು ಉಜ್ಜುತ್ತ ಕೂರುವುದಕ್ಕಿಂತ ಮ್ಯಾಗ್ನಮ್ ತೋಟೆಯಲ್ಲೇ ಸೌಮ್ಯವಾಗಿ ತುಂಬುವುದು ಲೇಸೆಂದು ನನ್ನಂಥವರು ಭಾವಿಸುತ್ತೇವೆ. ಹಾಗೆ ತುಂಬಿದ ತೋಟೆಯ ಹಿತ್ತಾಳೆ ಕಡಿಮೆ ದಣಿಯುವುದರಿಂದ ಬಾಯಿ ಬೇಗ ಸೀಳದೆ ಹೆಚ್ಚು ಸಲ ಮರುಬಳಕೆಗೆ ಬರುತ್ತದೆ, ಅಗ್ಗದ ಸೀಸದ ಗುಂಡುಗಳನ್ನೂ ಬಳಸಬಹುದು. ವೇಗ ಹೆಚ್ಚಾದಷ್ಟೂ ಮೆದು ಸೀಸ ನಳಿಗೆಯೊಳಗೆ ಮೆತ್ತಿಕೊಳ್ಳುತ್ತದೆ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಾಫಿ ಲೋಟವನ್ನೂ ಮುಟ್ಟಬಾರದು ಎಂಬುದನ್ನು ಇದರ ಜೊತೆಗೇ ಹೇಳಬೇಕು, ಏಕೆಂದರೆ ತೋಟೆಯ ಕೇಪಿನಲ್ಲಿಯೂ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ, ಹಾರಿಸಿದ ತೋಟೆ ಶುಚಿ ಮಾಡುವಾಗ ಏಳುವ ಧೂಳಿನಲ್ಲಿ ಅದು ಉಳಿದಿರುತ್ತದೆ.

ಕೊನೆಯದಾಗಿ ಕಾನೂನಿನ ವಿಷಯ. ಬರಹದಲ್ಲಿ ಇದು ಬಿಟ್ಟೇಹೋಗಿದೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಕಿಲ್ಲ, ತಯಾರಿಸಿ ಮಾರುವ ವ್ಯವಹಾರಕ್ಕೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಪಾರಂಪರಿಕ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದೇ ಹೊರತು ತೋಟೆ ತಯಾರಿಕೆಗಲ್ಲ. ನಿಮ್ಮ ಪುರವಣಿಯನ್ನು ಊರಿನಲ್ಲಿ ಓದುವ ತರುಣರು ಅಂತರ್ಜಾಲದಲ್ಲಿ ಸಲಕರಣೆ ಹುಡುಕಲು ಹೊರಡುವ ಮೊದಲು ಈ ವ್ಯತ್ಯಾಸ ಅವರಿಗೆ ತಿಳಿದಿರಬೇಕು. ಮುಂದಿನ ಸಂಚಿಕೆಯಲ್ಲಿ ಮೇಲಿನ ತಿದ್ದುಪಡಿಯೊಂದಿಗೆ ಇದನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓಹಾಯೋದಲ್ಲಿರುವ ಮಲೆನಾಡಿನ ಓದುಗ