ಬೋಸನ್‌ನ ಚಪ್ಪಲಿ ಮತ್ತೆ ಉಳಿದ ಫೋಟೋಗಳು

ಪ್ರೀತಿಯ ಗೆಳೆಯಾ,

ಲೈಬ್ರರಿಯಲ್ಲಿ ಪ್ರದರ್ಶನ ಇಡುವಾ, ಕೊರೋನಾ ಸಮಯದಲ್ಲಿ ಶಿಪ್ಪಿನಲ್ಲಿ ತೆಗೆದ ಫೋಟೋ ಕಳಿಸು ಅಂತ ನೀನು ಮೂರು ಸಲ ಮೆಸೇಜ್ ಮಾಡಿದ್ದಿ. ತಡ ಆಯ್ತು, ಬೇಜಾರು ಮಾಡ್ಬೇಡ ಮಾರಾಯ. ಹಾರ್ಡ್ ಡಿಸ್ಕ್ ತೆಗೆದು ಕೂತ್ರೆ ಒಂದೊಂದು ಫೋಟೋದಲ್ಲೇ ನಿಂತುಬಿಡ್ತೇನೆ, ಏಳುವಾಗ ಮಧ್ಯರಾತ್ರಿ ಆಗಿರ್ತದೆ. ನೀನು ಕೇಳಿದ್ದು ಅಲೆ, ಸೂರ್ಯ ಮುಳುಗುದು, ಡಾಲ್ಫಿನ್. ಅದೂ ಉಂಟು, ಆದ್ರೆ ಈಗ ಕಳಿಸಿದ ನಲ್ವತ್ತರಲ್ಲಿ ಅಂಥದ್ದು ಒಂದೂ ಇಲ್ಲ, ಎಂತಕ್ಕೆ ಅಂತ ಹೇಳ್ತೇನೆ.

2020 ಏಪ್ರಿಲ್ ಮೊದಲ ವಾರ ನಾವು ಕಲ್ಲಿದ್ದಲು ತುಂಬಿಸ್ಕೊಂಡು ಬಂದು ಮಂಗಳೂರಿನ ಪಣಂಬೂರು ಬಂದರಿನ ಹೊರಗೆ ಆಂಕರ್ ಹಾಕಿದ್ವಿ. ನನ್ನ ಒಂಬತ್ತು ತಿಂಗಳ ಕಾಂಟ್ರಾಕ್ಟ್ ಮುಗಿದದ್ದೂ ಅದೇ ವಾರ. ರಾತ್ರಿ ಹನ್ನೆರಡರಿಂದ ನಾಲ್ಕರ ಕಾವಲು ಪಾಳಿ, ವಾಚ್‌ನಲ್ಲಿ ನಿಂತ್ರೆ ಸುರತ್ಕಲ್ ಲೈಟ್‌ಹೌಸ್ ಮಿಣುಕುದು ಕಾಣ್ತಿತ್ತು, ಕುಂಬಳೆಯ ನಮ್ಮ ಮನೆಗೆ ಅಲ್ಲಿಂದ ಹೆಚ್ಚೆಂದ್ರೆ ಐವತ್ತು ಕಿಲೋಮೀಟರ್, ಫೋನಿಗೆ ಊರಿನ ಸಿಮ್ ಹಾಕಿದ್ರೆ ಸಿಗ್ನಲ್ ಕೂಡ ಬರ್ತಿತ್ತು. ಆದ್ರೆ ಆಗ ಸೈನ್ ಆಫ್, ಅಂದ್ರೆ ಕೆಲಸ ಮುಗಿಸಿ ಶಿಪ್ಪಿಂದ ಇಳಿಯುದು, ಇಲ್ಲ, ತಲಪಾಡಿಯಲ್ಲಿ ಕೇರಳ ಗಡಿಯ ರಸ್ತೆ ಬಂದ್ ಮಾಡಿದ್ರು, ನಿನಗೆ ಗೊತ್ತುಂಟಲ್ಲ. ಅಮ್ಮ ಫೋನಲ್ಲಿ ಕೇಳಿದ್ರು, ಕಾಣುವಷ್ಟು ಹತ್ರ ಇದ್ದಿ ಅಲ್ವಾ, ಒಂದು ದೋಣಿ ಹಿಡಿದು ಬರ್ಲಿಕ್ಕೆ ಆಗುದಿಲ್ವಾ ಅಂತ. ಆವತ್ತು ವಾಚ್ ಮುಗಿದ ಮೇಲೆ ಮಲಗ್ಲಿಕ್ಕೆ ಆಗ್ಲಿಲ್ಲ, ಕ್ಯಾಮೆರಾ ತೆಗೆದೆ. ದಿನಾ ತೆಗೀಲಿಕ್ಕೆ ಶುರು ಮಾಡಿದ್ದು ಅಲ್ಲಿಂದ.

ಎಂತ ತೆಗೆದದ್ದು ಅಂತ ಕೇಳಿದ್ರೆ ಇದೇ ದಿನನಿತ್ಯದ್ದು. ಬಂದರಿಗೆ ದಾರಿ ತೋರಿಸುವ ಪೈಲಟ್ ಹತ್ತುವ ಮೊದಲು ಶಿಪ್ಪು ನಡೆಸುವ ಕೋಣೆ ಬ್ರಿಡ್ಜ್‌ನ ಹ್ಯಾಂಡ್‌ರೈಲ್ ಒರೆಸುದು, ಅವರು ಇಳಿದ ಮೇಲೆ ಇನ್ನೊಮ್ಮೆ ಒರೆಸುದು. ಬಿಳಿ ಕವರಾಲ್ ಒಳಗೆ ಬೇಯ್ತಾ, ಶಿಪ್ಪಿಗೆ ಹತ್ತಿ ಇಳಿಯುವ ಗ್ಯಾಂಗ್‌ವೇ ಹತ್ರ ನಿಂತ ಹುಡುಗ, ಮಾಸ್ಕಿನ ಮೇಲೆ ಕಣ್ಣು ಮಾತ್ರ. ದಿನಕ್ಕೆರಡು ಸಲ ಹಣೆಗೆ ಟೆಂಪರೇಚರ್ ಗನ್. ಹಿಂದಿನ ಡೆಕ್‌ನಲ್ಲಿ ಬಕೆಟ್ ಮಗುಚಿ ಕೂತು ಒಬ್ಬರ ತಲೆ ಇನ್ನೊಬ್ಬರು ಬೋಳಿಸುದು. ಇಂಜಿನ್ ರೂಮಲ್ಲಿ ನಲ್ವತ್ತು ಡಿಗ್ರಿಗಿಂತ ಮೇಲೆ, ಅಲ್ಲಿಂದ ಬಂದ ಆಯಿಲರ್‌ನ ಬಾಯ್ಲರ್ ಸೂಟಿನ ಬೆನ್ನಲ್ಲಿ ಬೆವರು ಒಣಗಿ ಉಪ್ಪಿನ ಗೆರೆ. ಎಸಿಯಿಂದ ಡೆಕ್ಕಿಗೆ ಬಂದ ಕೂಡ್ಲೆ ಲೆನ್ಸಿಗೆ ಹಬೆ ಕೂತುಬಿಡ್ತದೆ, ಹತ್ತು ನಿಮಿಷ ಕಾಯ್ಬೇಕು, ನಾಲ್ಕೈದು ಫೋಟೋ ಮಸುಕಾಗಿರುದು ಅದ್ರಿಂದ. ಸರಿ ಮಾಡ್ಲಿಕ್ಕೆ ಹೋಗ್ಬೇಡ.

ಕೇಳದೆ ಯಾರದ್ದೂ ತೆಗೀಲಿಲ್ಲ. ಆದಿತ್ಯವಾರ ಮೆಸ್ ರೂಮಿನ ಟಿವಿಯಲ್ಲಿ ಎಲ್ರಿಗೂ ತೋರಿಸ್ತಿದ್ದೆ, ಬೇಡ ಅಂದದ್ದನ್ನು ಅಲ್ಲೇ ಡಿಲೀಟ್ ಮಾಡಿದ್ದೇನೆ.

ಇನ್ನು ಚಪ್ಪಲಿ. ನಮ್ಮ ಬೋಸನ್, ಅಂದ್ರೆ ಡೆಕ್ ಕೆಲಸದವರ ಮೇಸ್ತ್ರಿ, ಫಿಲಿಪೈನ್ಸ್‌ನವರು, ವಯಸ್ಸು ಐವತ್ತು ದಾಟಿದೆ, ಒಂಬತ್ತು ತಿಂಗಳಿಗೆ ಬೇಕಾದಷ್ಟು ಸಾಮಾನು ತಂದವರು. ಒಂದು ಬಂದರಲ್ಲೂ ಕೆಳಗೆ ಕಾಲಿಡ್ಲಿಕ್ಕೆ ಬಿಡ್ತಿರ್ಲಿಲ್ಲ, ಅಂಗಡಿ ಎಲ್ಲಿಂದ. ಹತ್ತನೇ ತಿಂಗಳು ರಬ್ಬರ್ ಚಪ್ಪಲಿಯ ಪಟ್ಟಿ ಕಿತ್ತುಹೋಯ್ತು. ಶಿಪ್ಪನ್ನು ದಡಕ್ಕೆ ಕಟ್ಟುವ ಹಳೆಯ ಮೂರಿಂಗ್ ರೋಪ್ ಬಿಚ್ಚಿ, ಅದ್ರ ಹಸಿರು ನೂಲಲ್ಲಿ ಹೊಲಿದ್ರು, ರೋಪಿಗೆ ಹಾಕುವ ಹಾಗೇ ಅಷ್ಟು ಚಂದದ ಗಂಟು. ಹನ್ನೆರಡನೇ ತಿಂಗಳಿಗೆ ಇನ್ನೊಂದು ಚಪ್ಪಲಿಗೂ ಅದೇ ಗಂಟು. ಶಿಪ್ಪಿನಲ್ಲಿ ಒಂದೇ ಸಮ ಇರುದು 12 ತಿಂಗಳಿಗಿಂತ ಕಡಿಮೆ ಆಗ್ಬೇಕು ಅಂತ 2006ರ ಕಡಲ ಕಾರ್ಮಿಕರ ಒಪ್ಪಂದ ಹೇಳ್ತದೆ, ಅವರು ಇಳಿದದ್ದು ಹದಿನಾಲ್ಕು ತುಂಬಿದ ಮೇಲೆ. ಆ ವರ್ಷದ ಕೊನೆಗೆ ನಮ್ಮ ಹಾಗೆ ಕಾಂಟ್ರಾಕ್ಟ್ ಮುಗಿದೂ ನೀರಲ್ಲೇ ಉಳಿದವರು ಲೋಕದಲ್ಲಿ ಸುಮಾರು 4 ಲಕ್ಷ, ಅವರ ಬದಲಿಗೆ ರಿಲೀವರ್ ಆಗಿ ಹತ್ಲಿಕ್ಕೆ ಊರಲ್ಲಿ ಕಾಯ್ತಾ, ಸಂಬಳ ಇಲ್ದೆ ಕೂತವರು ಬೇರೆ. ನಮ್ಮ ಕಾಸರಗೋಡಿನ ಕೋಟಿಕುಳ, ಉದುಮ ಕಡೆ ಅಂಥ ಮನೆ ಎಷ್ಟು ಇತ್ತು ಅಂತ ನೀನೇ ನೋಡಿದ್ದಿ. ಡಿಸೆಂಬರ್ 1ಕ್ಕೆ ವಿಶ್ವಸಂಸ್ಥೆ ನಮ್ಮನ್ನು ಕೀ ವರ್ಕರ್ಸ್, ಅಂದ್ರೆ ಅತ್ಯಗತ್ಯ ಕೆಲಸಗಾರರು, ಅಂತ ಕರೀಬೇಕು ಅಂತ ನಿರ್ಣಯ ಮಾಡ್ತು. ಒಳ್ಳೆದೇ ಆಯ್ತು, ಆದ್ರೆ ಲಾಕ್‌ಡೌನ್ ಇಡೀ ಎಲ್ರ ಮನೆಗೆ ಕರೆಂಟು, ಗ್ಯಾಸು, ಎಣ್ಣೆ ಬರ್ತಾ ಇತ್ತಲ್ಲ, ಅದ್ರ ಹಿಂದೆ ಈ ಚಪ್ಪಲಿ ಹಾಕ್ಕೊಂಡು ನಡೆದವರೂ ಇದ್ರು ಅಂತ ನಮ್ಮೂರಿನ ಮಕ್ಕಳಾದ್ರೂ ನೋಡ್ಬೇಕು ಅಂತ ನನಗೆ ತುಂಬಾ ಆಸೆ ಉಂಟು.

ಹಾಗಾಗಿ ಆ ಚಪ್ಪಲಿಯ ಫೋಟೋ ಒಂದನ್ನು ದೊಡ್ಡದು ಮಾಡು, ಎರಡಡಿ ಅಗಲ ಬೇಕು, ಬಾಕಿ ಎಲ್ಲ ಪೋಸ್ಟ್‌ಕಾರ್ಡ್ ಸೈಜ್ ಆದ್ರೂ ಸಾಕು. ಬದಿ ಕಟ್ ಮಾಡುವಾಗ ಹಸಿರು ಗಂಟು ಹೋಗ್ಬಾರ್ದು ಆಯ್ತಾ. ಬೋಸನ್ ಹತ್ರ ಕೇಳಿದ್ದೇನೆ, ಖುಷಿಯಲ್ಲಿ ಒಪ್ಪಿದ್ರು. ಗೋಡೆಗೆ ಹಾಕಿದ ಮೇಲೆ ಅದ್ರದ್ದೊಂದು ಫೋಟೋ ತೆಗೆದು ಕಳಿಸ್ಬೇಕಂತೆ, ಹೆಂಡತಿಗೆ ತೋರಿಸ್ಲಿಕ್ಕೆ.

ಇಂತಿ ನಿನ್ನ
ಶಿಪ್ಪಿನವ